ಈಶಾನ್ಯದ ಬಿರಡೆ

ಎತ್ತಪ್ಪ ಮಾಡಿದ ತಪ್ಪು ಇಷ್ಟೇ: ತನ್ನ ಲಾರಿಯನ್ನು ಮನೆ ಎಂದು ಕರೆದದ್ದು.

ಒಳಗೊಳಗೇ ಅಂದುಕೊಂಡಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಹಿರಿಯೂರಿನಾಚೆಯ ಬಿಳೇಕಲ್ಲಹಟ್ಟಿಯಲ್ಲಿ, ಹೊಸದಾಗಿ ಕೊಂಡು ತಂದ ಹಳೆಯ ಫ್ರಿಜ್ ಲಾರಿಗೆ ಪೂಜೆ ಮುಗಿದು, ಬೂದುಗುಂಬಳ ಒಡೆದು, ಇಡೀ ಹಟ್ಟಿ ಮಂಡಕ್ಕಿ ಮೆಲ್ಲುತ್ತ ನಿಂತಿದ್ದಾಗ ಅವನು ಹಿಂಬಾಗಿಲು ತೆರೆದು, ಒಳಗೆ ಹತ್ತಿ, ಎದೆ ಸೆಟೆಸಿ ಭಾಷಣಕ್ಕೇ ನಿಂತುಬಿಟ್ಟ.

“ಇದು ಲಾರಿ ಅಲ್ಲ, ತಿಳ್ಕಳ್ರಿ. ಮನೆ! ನೆಲ ಐತೆ, ಗೋಡೆ ಐತೆ, ಸೂರೈತೆ. ನಿಮ್ಮನೆಗೆ ಎಸಿ ಐತಾ? ಇದಕ್ಕೈತೆ. ತೊಳೆದ ನೀರು ಹೋಗಾಕೆ ನಾಲ್ಕು ಮೂಲೆಗೂ ಬಚ್ಚಲ ಕಿಂಡಿ ಅವೆ, ಮುಚ್ಚಾಕೆ ರಬ್ಬರ್ ಬಿರಡೆ ಬೇರೆ! ನಮ್ಮಪ್ಪ, ನಮ್ಮ ತಾತ ಕುರಿ ಹಿಂದೆ ಹೋಗಿ ಬಯಲಾಗೆ ಕಂಬಳಿ ಹೊದ್ದು ಮಲಗಿದ್ರು. ನಾನು ಮನೇನೇ ಹೊತ್ಕಂಡು ತಿರುಗೋನು!”

ಜನ ಹೋ ಎಂದರು. ಆ ಜನದಲ್ಲಿ ಪಂಚಾಕ್ಷರಪ್ಪನೂ ಇದ್ದ, ತೊಂದರೆ ಬಂದದ್ದೇ ಅಲ್ಲಿ. ಪಂಚಾಕ್ಷರಪ್ಪ ಮಾರಿಕಣಿವೆ ಅಣೆಕಟ್ಟೆಯಲ್ಲಿ ತೂಬಿನ ಗೇಟು ತಿರುಗಿಸಿ ನಿವೃತ್ತನಾದವ. ಅಷ್ಟು ವರ್ಷ ನೀರನ್ನು ಬಿಟ್ಟು ಹಿಡಿದು ಮಾಡಿದ್ದರಿಂದ, ಯಾರ ಮನೆಯ ನೀರು ಯಾವ ಕಡೆ ಹೋಗಬೇಕೆಂದು ಹೇಳುವ ಹಕ್ಕು ತನಗಿದೆಯೆಂದು ನಂಬಿ ವಾಸ್ತು ಹೇಳಲು ತೊಡಗಿದ್ದ. ಅವನ ಮಾತು ಕೇಳಿ ಹಟ್ಟಿಯಲ್ಲಿ ಎಷ್ಟೋ ಬಾಗಿಲುಗಳು ಕಿಟಕಿಯಾಗಿದ್ದವು. ಒಂದು ಮನೆಯವರಂತೂ ಇವತ್ತಿಗೂ ಕಿಟಕಿ ದಾಟಿಯೇ ಒಳಗೆ ಹೋಗುತ್ತಾರೆ, ಬೀಗರು ಬಂದರೆ ಮಾತ್ರ ಸ್ಟೂಲು ಹಾಕುತ್ತಾರೆ.

“ಮನೆ ಅಂದೇನಪ್ಪ?” ಎಂದು ಪಂಚಾಕ್ಷರಪ್ಪ ಮಂಡಕ್ಕಿಯ ಕೈ ಒರೆಸಿಕೊಂಡ. “ಹಂಗಾದ್ರೆ ವಾಸ್ತು ಬೇಡವೇನು?”

ಅವನು ಲಾರಿಗೆ ಒಂದು ಸುತ್ತು ಬಂದ. ಬಗ್ಗಿ ಅಡಿಯಲ್ಲಿ ನೋಡಿದ. ನಾಲ್ಕು ಮೂಲೆಯಿಂದ ಇಳಿದಿದ್ದ ನಾಲ್ಕು ಗಿಡ್ಡ ಕೊಳವೆಗಳನ್ನು ಮುಟ್ಟಿದ. ನಾಡಿ ಸಿಗದ ರೋಗಿಯ ಪಕ್ಕದಿಂದ ಏಳುವ ವೈದ್ಯನಂತೆ ಎದ್ದ.

“ನೈಋತ್ಯಕ್ಕೂ ಕಿಂಡಿ ಐತಲ್ಲೋ! ನೈಋತ್ಯದಾಗೆ ನೀರು ಹೋದ್ರೆ ಯಜಮಾನ ಮನೇಲಿ ನಿಲ್ಲಲ್ಲ. ಊರೂರು ಅಲೀತಾನೆ.”

ಲಾರಿಯ ಯಜಮಾನ ಊರೂರು ಅಲೆಯದೆ ಮತ್ತೇನು ಮಾಡಬೇಕೆಂದು ಅಲ್ಲಿ ಯಾರೂ ಕೇಳಲಿಲ್ಲ. ಎತ್ತಪ್ಪನ ಹೆಂಡತಿ ನೇತ್ರಾವತಿಯ ಮುಖ ಮಾತ್ರ ಸಣ್ಣಗಾಯಿತು. ಇಷ್ಟು ವರ್ಷ ಅವನು ಬೇರೆಯವರ ಲಾರಿಯಲ್ಲಿ ಗುಜರಾತು, ದಿಲ್ಲಿ ಅಂತ ಲೈನ್ ಹೊಡೆದವನು. ಹಿಂದೊಮ್ಮೆ ಬಹಳ ದಿನದ ಮೇಲೆ ಮನೆಗೆ ಬಂದಾಗ ಮಗಳು ಅಂಜಲಿ ಬಾಗಿಲಲ್ಲಿ ನಿಂತು, “ಅಮ್ಮಾ, ಯಾರೋ ಬಂದವ್ರೆ, ಕುಂತ್ಕಳ್ರಿ ಅಂದಿದೀನಿ” ಎಂದು ಕೂಗಿ ಹೇಳಿದ್ದಳು. ಆ ಮಾತು ಅವನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತ್ತು. ದುರ್ಗದ ಐಸ್‌ಕ್ರೀಂ ಕಂಪನಿಯೊಂದು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಬರುವ ಲೈನಿಗೆ ಗಾಡಿ ಹುಡುಕುತ್ತಿತ್ತು. ಬೆಳಿಗ್ಗೆ ಹೋದರೆ ಸಂಜೆ ಮನೆ. ನಾಳೆ ಒಂದು ಟ್ರಿಪ್ ಪರೀಕ್ಷೆ. ಪಾಸಾದರೆ ಲೈನ್ ಅವನದು, ಫೇಲಾದರೆ ಮತ್ತೆ ಗುಜರಾತು.

“ಮತ್ತೇನ್ ಮಾಡಾಣ ಪಂಚಾಕ್ಷರಪ್ಪಾರೆ?” ಎಂದ ಎತ್ತಪ್ಪ. ಎದೆ ಆಗಲೇ ಇಳಿದಿತ್ತು.

“ಈಶಾನ್ಯದ ಕಿಂಡಿ ಒಂದು ತೆಗೆದಿರು, ಮಿಕ್ಕಿದ್ದು ಮೂರೂ ಜಡಿ. ನಾಲ್ಕೂ ಮುಚ್ಚಬ್ಯಾಡ, ಮನೆಗೆ ಉಸಿರು ಕಟ್ಟುತ್ತೆ.”

ಮಹಾ ಸುಲಭದ ಪರಿಹಾರ. ಒಂದೇ ಒಂದು ತೊಡಕೆಂದರೆ, ಮನೆ ನಿಂತಲ್ಲೇ ನಿಲ್ಲುತ್ತದೆ, ಲಾರಿ ತಿರುಗುತ್ತದೆ. ಈ ತೊಡಕು ಎತ್ತಪ್ಪನಿಗೆ ಹೊಳೆದದ್ದು ಮರುದಿನ ಬೆಳಿಗ್ಗೆ, ದುರ್ಗದ ಹೊರಗೆ ಮೊದಲನೆಯ ತಿರುವಿನಲ್ಲಿ.

ಅಷ್ಟರಲ್ಲಿ ಗಾಡಿ ತುಂಬಿಯಾಗಿತ್ತು. ಕಂಪನಿಯ ಕ್ವಾಲಿಟಿ ಆಫೀಸರ್ ಯೋಗೇಶ್, ಇಸ್ತ್ರಿ ಅಂಗಿ, ಕುತ್ತಿಗೆಗೆ ಗುರುತಿನ ಚೀಟಿ, ತಾನೇ ಬಗ್ಗಿ ನಾಲ್ಕೂ ಬಿರಡೆ ಒತ್ತಿ ನೋಡಿದ್ದ.

“ನೋಡಪ್ಪ ಎತ್ತಪ್ಪ, ತೊಳೆಯೋವಾಗ ನಾಲ್ಕೂ ತೆಗೀಬೇಕು. ಲೋಡ್ ಆದ್ಮೇಲೆ ನಾಲ್ಕೂ ಮುಚ್ಚಬೇಕು. ತಣ್ಣನೆ ಗಾಳಿ ನೀರಿದ್ದಂಗೆ, ಕೆಳಗಿಳಿದು ಕಿಂಡೀಲಿ ಸೋರಿಹೋಗುತ್ತೆ. ಒಂದು ತೆಗೆದಿದ್ರೂ ಐಸ್‌ಕ್ರೀಂ ಪಾಯಸ. ತಿಳೀತಾ?”

“ತಿಳೀತು ಸಾರ್.”

ತಿಳಿದದ್ದೇನೋ ನಿಜ. ಆದರೆ ಯೋಗೇಶ್ ಹೇಳಿದ್ದು ಬರೀ ಐಸ್‌ಕ್ರೀಮಿನ ಮಾತು, ಪಂಚಾಕ್ಷರಪ್ಪ ಹೇಳಿದ್ದು ಬದುಕಿನ ಮಾತು. ಯೋಗೇಶ್ ಕ್ಯಾಬಿನ್ನಿನಲ್ಲಿ ಪಕ್ಕಕ್ಕೇ ಕೂತ. ಊರು ದಾಟುವಷ್ಟರಲ್ಲಿ ಎತ್ತಪ್ಪನಿಗೆ ಹಿಂದೆ ಮನೆಯೊಂದು ಉಸಿರುಕಟ್ಟಿ ಒದ್ದಾಡುವುದು ಕೇಳಿಸಿದಂತಾಯಿತು. ಗಾಡಿ ಬದಿಗೆ ಹಾಕಿದ.

“ಏನಾಯ್ತು?”

ಎತ್ತಪ್ಪ ಕಿರುಬೆರಳು ಎತ್ತಿ ತೋರಿಸಿ ಇಳಿದ. ಹಿಂದಿನ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಆ ಹೊತ್ತಿಗೆ ಈಶಾನ್ಯಕ್ಕಿದ್ದ ಎಡಹಿಂದಿನ ಬಿರಡೆ ಕಿತ್ತು ಜೇಬಿಗೆ ಹಾಕಿಕೊಂಡು, ನೆಮ್ಮದಿಯ ಮುಖದಲ್ಲಿ ವಾಪಸು ಬಂದ. ಕನ್ನಡಿಯಲ್ಲಿ ಕಂಡದ್ದು ಚಕ್ರದ ಮರೆಗೆ ಕೂತ ಒಬ್ಬ ಮನುಷ್ಯ, ಆಮೇಲೆ ಅವನ ಮುಖದ ನೆಮ್ಮದಿ. ಇದರಲ್ಲಿ ಸಂಶಯಪಡುವಂಥದ್ದೇನೂ ಯೋಗೇಶನಿಗೆ ಸಿಗಲಿಲ್ಲ.

ಆದರೆ ದುರ್ಗದಿಂದ ಹೊಳಲ್ಕೆರೆ ನೈಋತ್ಯಕ್ಕೆ. ಗಾಡಿಯ ಮುಖ ನೈಋತ್ಯಕ್ಕಾದರೆ ಈಶಾನ್ಯ ಬೀಳುವುದು ಸರಿಯಾಗಿ ಹಿಂಬಾಗಿಲ ನಡುವೆ, ಅಲ್ಲಿ ಕಿಂಡಿಯೇ ಇಲ್ಲ. ರಸ್ತೆ ತುಸು ದಕ್ಷಿಣಕ್ಕೆ ವಾಲಿದರೆ ಎಡಹಿಂದಿನ ಮೂಲೆ, ತುಸು ಪಶ್ಚಿಮಕ್ಕೆ ವಾಲಿದರೆ ಬಲಹಿಂದಿನ ಮೂಲೆ. ಕುರಿ ಕಾಯ್ದವರ ವಂಶದವನಿಗೆ ದಿಕ್ಕು ಹೇಳಿಕೊಡಬೇಕೇ? ನೆರಳು ಸರಿದಾಡಿದರೆ ಸಾಕು, ಎತ್ತಪ್ಪ ಬ್ರೇಕ್ ಒತ್ತುತ್ತಿದ್ದ. ಬಿರಡೆ ಇಲ್ಲಿಂದ ಕಿತ್ತು ಅಲ್ಲಿಗೆ, ಅಲ್ಲಿಂದ ಕಿತ್ತು ಇಲ್ಲಿಗೆ. ಎರಡನೆಯ ಸಲ ಇಳಿದಾಗ ಯೋಗೇಶ್ ನಕ್ಕ. ಮೂರನೆಯ ಸಲ ವಾಚು ನೋಡಿದ. ಆಮೇಲೆ ಎತ್ತಪ್ಪನ ಮುಖವನ್ನೇ ನೋಡತೊಡಗಿದ.

ಯೋಗೇಶನ ಮನೆಯಲ್ಲಿ ಅಪ್ಪ, ಅಮ್ಮ, ಅತ್ತೆ, ಮಾವ ಎಲ್ಲರಿಗೂ ಸಕ್ಕರೆ ಕಾಯಿಲೆ. ಆದ್ದರಿಂದ ಅವನು ಅರ್ಧ ಡಾಕ್ಟರು, ಅರ್ಧ ಡಾಕ್ಟರಿಗೆ ಮುಕ್ಕಾಲು ಧೈರ್ಯ.

“ಎತ್ತಪ್ಪ, ಬಾಯಿ ಒಣಗುತ್ತಾ?”

ಸುಳ್ಳು ಹೇಳುವವನ ಬಾಯಿ ಒಣಗದೆ ಇರುತ್ತದೆಯೇ? “ಒಣಗುತ್ತೆ ಸಾರ್.”

“ಕೈ ನಡುಗುತ್ತಾ?”

“ಈಗೀಗ ನಡುಗ್ತವೆ.”

“ಸುಮ್‌ಸುಮ್ನೆ ಬೆವರು?”

ಎತ್ತಪ್ಪ ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ.

“ಶುಗರ್ ಐತೆ ನಿಂಗೆ” ಎಂದ ಯೋಗೇಶ್, ತೀರ್ಪು ಓದುವ ಜಡ್ಜಿನಂತೆ. “ಅದೂ ಮುಂದಕ್ಕೆ ಹೋಗೈತೆ.”

ಎತ್ತಪ್ಪ ರಸ್ತೆ ನೋಡುತ್ತ ಗೇರು ಬದಲಿಸಿದ. ಇಲ್ಲ ಸಾರ್ ಎಂದರೆ, ಮತ್ತೆ ಯಾಕೆ ಇಳೀತೀಯ ಎಂಬ ಪ್ರಶ್ನೆ ಬರುತ್ತದೆ. ಕಿಂಡಿ ತೆರೆಯಲು ಎಂದರೆ ಲೈನ್ ಅಲ್ಲೇ ಮುಗಿಯಿತು. ಆ ಹೊತ್ತಿಗೆ ಅವನಿಗೆ ಕಾಯಿಲೆಯೇ ಕ್ಷೇಮ ಅನ್ನಿಸಿತು.

ಹೊಳಲ್ಕೆರೆಯಲ್ಲಿ ಮೂರ್ತಪ್ಪನ ಬೇಕರಿ ಮುಂದೆ ಡಬ್ಬಗಳನ್ನಿಳಿಸಿದರು. ಮೂರ್ತಪ್ಪ ಟೀ ತರಿಸಿದ. ಯೋಗೇಶ್ ಎತ್ತಪ್ಪನ ಲೋಟ ತಡೆದು, “ಇವರಿಗೆ ಸಕ್ಕರೆ ಬ್ಯಾಡ, ಶುಗರ್” ಎಂದದ್ದೇ ತಡ, ಬೇಕರಿಗೆ ಬೇಕರಿಯೇ ಆಸ್ಪತ್ರೆಯಾಯಿತು.

“ಅಯ್ಯೋ ಪಾಪ, ನಮ್ ಭಾವಂಗೂ ಹಿಂಗೇ ಶುರುವಾಗಿದ್ದು” ಎಂದ ಮೂರ್ತಪ್ಪ. “ಮೊದ್ಲು ದಾರಿದಾರೀಲಿ ಗಾಡಿ ನಿಲ್ಸೋನು. ಆಮ್ಯಾಕೆ ಹೆಬ್ಬೆಟ್ಟು ತೆಗುದ್ರು.”

“ಕೈದಾ, ಕಾಲ್ದಾ?” ಎಂದು ಎತ್ತಪ್ಪ ಗಾಬರಿಯಿಂದ ಕೇಳಿದ.

“ಮೊದ್ಲು ಕಾಲ್ದು” ಎಂದು ಮೂರ್ತಪ್ಪ ಸಮಾಧಾನ ಹೇಳಿದ.

ಯೋಗೇಶ್ ಒಳ್ಳೆಯ ಮನುಷ್ಯ. ಒಳ್ಳೆಯ ಮನುಷ್ಯರಿಂದ ಆಗುವ ಅನಾಹುತ ಕೆಟ್ಟವರಿಂದ ಆಗುವುದಿಲ್ಲ. ಅವನು ಪಕ್ಕಕ್ಕೆ ಸರಿದು ನೇತ್ರಾವತಿಗೆ ಫೋನು ಮಾಡಿದ.

“ಅಮ್ಮಾ, ನಿಮ್ ಯಜಮಾನ್ರು ಶುಗರ್ ಮಾತ್ರೆ ತಗಂತಾರಾ?”

“ಯಾ ಮಾತ್ರೆ? ನಿನ್ನೆ ಪೂಜೆ ಹೋಳಿಗೆ ಎರಡು ತಿಂದವ್ರೆ ಸಾರ್!”

“ಎರಡೇ?”

“ನಾನು ನೋಡಿದ್ದು ಎರಡು.”

ನೇತ್ರಾವತಿ ಫೋನಿಟ್ಟವಳೇ ಹೊಸದುರ್ಗದ ತವರಿಗೆ ಫೋನು ಹಚ್ಚಿದಳು. ತಣ್ಣನೆ ಗಾಳಿಗಿಂತ ಬೇಗ ಸೋರುವುದು ಇಂಥ ಸುದ್ದಿ.

ಹೊಳಲ್ಕೆರೆಯಿಂದ ಹೊಸದುರ್ಗದ ದಾರಿ ದಕ್ಷಿಣಕ್ಕೆ. ಈಶಾನ್ಯ ಎಡಹಿಂದಿನ ಮೂಲೆಯಲ್ಲಿ ಒಂದಿಷ್ಟು ಹೊತ್ತು ತೆಪ್ಪಗೆ ಕೂತಿತು. ಆದರೆ ಕ್ಯಾಬಿನ್ನಿನಲ್ಲಿದ್ದ ಚಳಿ ತೋರಿಸುವ ಮುಳ್ಳು ಕೂರಲಿಲ್ಲ. ಮೆಲ್ಲಗೆ ಕೆಂಪು ಗೆರೆಯ ಕಡೆ ಸರಿಯತೊಡಗಿತು.

“ಯಾಕೆ ಏರ್ತಾ ಐತಿದು?” ಎಂದ ಯೋಗೇಶ್.

“ಬಿಸಿಲು ಸಾರ್.”

“ನಿಂಗೂ ಏರ್ತಾ ಐತೆ, ಗಾಡಿಗೂ ಏರ್ತಾ ಐತೆ” ಎಂದು ಯೋಗೇಶ್ ನಿಟ್ಟುಸಿರಿಟ್ಟ.

ಹೊಸದುರ್ಗ ಮುಟ್ಟುವ ಮೊದಲೇ ರಸ್ತೆಯ ನಡುವೆ ಕೈಯೆತ್ತಿ ನಿಂತವರು ಕಂಡರು. ಮಾವ ಗುಡ್ಡಪ್ಪ, ಅತ್ತೆ ದೊಡ್ಡಕ್ಕ. ಹಿಂದೆ ಅವರ ಕುರಿ ಹಿಂಡು. ಹಿಂಡು ಬಿಟ್ಟು ಬರಲು ಪುರಸೊತ್ತಿಲ್ಲದೆ ಅದನ್ನೂ ಅಳಿಯನ ದುಃಖಕ್ಕೆ ಕರೆತಂದಿದ್ದರು. ಬೇವಿನ ಮರದ ಕೆಳಗೆ ಕರಿ ಕಂಬಳಿ ಹಾಸಿ ಎತ್ತಪ್ಪನನ್ನು ಕೂರಿಸಿದರು. ಕಂಬಳಿ ಗದ್ದಿಗೆ ಅಳಿಯನ ಮರ್ಯಾದೆ, ಇಂಥಾ ಹೊತ್ತಿನಲ್ಲೂ ತಪ್ಪಿಸುವಂತಿಲ್ಲ. ದೊಡ್ಡಕ್ಕ ಸೆರಗಿನ ಮರೆಯಿಂದ ಒಂದು ದೊಡ್ಡ ಚೊಂಬು ತೆಗೆದಳು. ಹಸಿರು ಬಣ್ಣದ ಹಾಗಲಕಾಯಿ ರಸ, ಮೇಲೆ ನೊರೆ.

“ಕುಡೀರಿ ಅಳಿಯಂದ್ರೆ. ನಮ್ ಹುಡುಗಿ ಮಖ ನೋಡಿ ಕುಡೀರಿ.”

ಅತ್ತೆ ನಿಂತು ಕೊಟ್ಟದ್ದನ್ನು ಅಳಿಯ ಉಳಿಸುವಂತಿಲ್ಲ. ಎತ್ತಪ್ಪ ಕಣ್ಣು ಮುಚ್ಚಿ ಕುಡಿದ. ಕಣ್ಣು ತೆರೆದಾಗ ಚೊಂಬು ಮತ್ತೆ ತುಂಬಿತ್ತು. ಅದರ ಮೇಲೊಂದು ಚೊಂಬು ಮೆಂತ್ಯದ ನೀರು, ಬಾಯಿ ಕಹಿ ಹೋಗಲೆಂದು ಇನ್ನೊಂದು ಚೊಂಬು ಬರೀ ನೀರು.

ಗುಡ್ಡಪ್ಪ ಹಿಂಡಿನ ಕಡೆ ತಿರುಗಿದ. ಅಲ್ಲಿ ಕೊಂಬು ತಿರುವಿಕೊಂಡು, ಕೊಬ್ಬಿ, ಒಂದು ಟಗರು ಮೇಯುತ್ತಿತ್ತು.

“ಅದು ಹಬ್ಬಕ್ಕೆ ಅಳಿಯಂಗೆ ಅಂತ ಬಿಟ್ಟಿದ್ದು” ಎಂದ ಯೋಗೇಶನಿಗೆ. “ಇನ್ನೇನು ಸಾರ್, ಮಾರಿಬಿಡ್ತೀನಿ. ಇವ್ರಿಗೆ ಇನ್ ಮಾಂಸ ಬರಂಗಿಲ್ವಲ್ಲ.”

“ಬರಂಗಿಲ್ಲ” ಎಂದ ಯೋಗೇಶ್ ಖಚಿತವಾಗಿ.

ಹಾಗಲಕಾಯಿಗೂ ಬಗ್ಗದ ಎತ್ತಪ್ಪನ ಕಣ್ಣಲ್ಲಿ ಈಗ ನೀರು ಬಂತು. ಟಗರನ್ನು ನೋಡಿದ. ಟಗರು ಅವನನ್ನು ನೋಡಿತು. ಅದರ ಮುಖದಲ್ಲಿ ಇದ್ದದ್ದು ಕೃತಜ್ಞತೆಯೇ ಎಂದು ಅವನಿಗೆ ಅನ್ನಿಸಿತು.

“ನೋಡ್ರಿ, ಅಳ್ತಾ ಅವ್ರೆ. ಕಾಯಿಲೆ ತಲೆಗೇರೈತೆ” ಎಂದು ದೊಡ್ಡಕ್ಕ ತಾನೂ ಅತ್ತಳು.

ಹೊಸದುರ್ಗದ ಅಂಗಡಿಗಳ ಸರಕು ಇಳಿಸಿ ಹಿರಿಯೂರಿನ ದಾರಿ ಹಿಡಿದಾಗ ಎತ್ತಪ್ಪನ ಸಂಕಟ ಇಮ್ಮಡಿಯಾಗಿತ್ತು. ಈಗ ಮುಖ ಪೂರ್ವಕ್ಕೆ, ಈಶಾನ್ಯ ಎಡಮುಂದಿನ ಮೂಲೆಗೆ ಬಂತು. ಮಾರಿಕಣಿವೆಯ ಗುಡ್ಡಗಳ ನಡುವೆ ರಸ್ತೆ ಹಾವಿನ ಹಾಗೆ ಹೊರಳಿದಂತೆಲ್ಲ ಅದೂ ಹೊರಳಿತು. ಅದರ ಮೇಲೆ ಹೊಟ್ಟೆಯಲ್ಲಿ ಚೊಂಬುಗಟ್ಟಲೆ ನೀರು. ಬೆಳಿಗ್ಗೆಯಿಂದ ನೆಪಕ್ಕೆ ಇಳಿದಿದ್ದವನು ಈಗ ನಿಜಕ್ಕೂ ಇಳಿಯಬೇಕಾಯಿತು. ಒಂದು ಸಲ ಕಿಂಡಿಗೆ, ಒಂದು ಸಲ ತನಗೆ. ಒಮ್ಮೆ ತನಗೆಂದು ಇಳಿದವನು ಅಭ್ಯಾಸಬಲದಿಂದ ಬಿರಡೆ ಬದಲಿಸಿ, ಬಂದ ಕೆಲಸ ಮರೆತು ಹತ್ತಿ ಕೂತು, ಸ್ವಲ್ಪ ದೂರ ಹೋಗಿ ಮತ್ತೆ ಬ್ರೇಕ್ ಹಾಕಿದ.

“ಸಾಕಪ್ಪ ಸಾಕು!” ಎಂದು ಯೋಗೇಶ್ ಎರಡೂ ಕೈ ಮುಗಿದ. “ಹಿರಿಯೂರಾಗೆ ಮೊದ್ಲು ರಕ್ತ ಪರೀಕ್ಷೆ, ಆಮೇಲೆ ಐಸ್‌ಕ್ರೀಂ. ಬಾಯಿ ಬಿಟ್ಟು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ. ಶುಗರ್ ಇಷ್ಟಿರೋ ಡ್ರೈವರಿಗೆ ಕಂಪನಿ ಲೈನ್ ಕೊಡಲ್ಲ. ನೀನು ದಾರೀಲಿ ತಲೆ ಸುತ್ತಿ ಬಿದ್ರೆ ಯಾರ್ ಜವಾಬ್ದಾರಿ?”

ಎತ್ತಪ್ಪ ಲೆಕ್ಕ ಹಾಕಿದ. ಕಿಂಡಿ ಒಪ್ಪಿಕೊಂಡರೆ ಲೈನ್ ಇಲ್ಲ, ಕಾಯಿಲೆ ಒಪ್ಪಿಕೊಂಡರೂ ಲೈನ್ ಇಲ್ಲ. ಬೆಳಿಗ್ಗೆಯಿಂದ ನೈಋತ್ಯ ಮುಚ್ಚಲು ಅವನು ಪಟ್ಟ ಪಾಡೆಲ್ಲ ಅವನನ್ನು ನೆಟ್ಟಗೆ ಗುಜರಾತಿಗೆ ಒಯ್ಯುತ್ತಿತ್ತು.

ಹಿರಿಯೂರಿನ ಲ್ಯಾಬಿನ ಮುಂದೆ, ಯೋಗೇಶ್ ಮತ್ತೆ ಫೋನು ಮಾಡಿ ಕರೆಸಿದ್ದ ನೇತ್ರಾವತಿ ಆಗಲೇ ಬಂದು ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ರಕ್ತ ತೆಗೆದರು. ಬೆಂಚಿನ ಮೇಲೆ ಮೂವರೂ ಸಾಲಾಗಿ ಕೂತರು. ಸ್ವಲ್ಪ ಹೊತ್ತಿಗೆ ಲ್ಯಾಬಿನ ಹುಡುಗಿ ಬಂದು, “ಎತ್ತಪ್ಪ ಯಾರ್ರಿ? ಏನೂ ಇಲ್ಲ, ಎಲ್ಲಾ ನಾರ್ಮಲ್. ಇವತ್ತು ಬಂದೋರಾಗೆ ಚೆನ್ನಾಗಿರೋ ರಕ್ತ ಇವರದ್ದೊಂದೇ” ಎಂದಳು.

ನೇತ್ರಾವತಿ ಕೆಂಚಾಂಬೆಯಿಂದ ಹಿಡಿದು ಕಂಡಕಂಡ ದೇವರಿಗೆಲ್ಲ ಕೈಮುಗಿದಳು. ಯೋಗೇಶ್ ಮುಗಿಯಲಿಲ್ಲ. ಅವನು ನಿಧಾನಕ್ಕೆ ಎತ್ತಪ್ಪನ ಕಡೆ ತಿರುಗಿದ.

“ಶುಗರ್ ಇಲ್ಲ ಅಂದ್ಮೇಲೆ, ಬೆಳಿಗ್ಗೆಯಿಂದ ಚಕ್ರದ ಹತ್ರ ಕುಂತು ಏನ್ ಮಾಡ್ತಿದ್ದೆ?”

ಎತ್ತಪ್ಪ ಹೆಂಡತಿಯ ಮುಖ ನೋಡಿದ. ಜೇಬಿಗೆ ಕೈ ಹಾಕಿ ಒಂದು ಬಿರಡೆ ತೆಗೆದು ಬೆಂಚಿನ ಮೇಲಿಟ್ಟ.

“ಈಶಾನ್ಯ ತೆಗೀತಿದ್ದೆ ಸಾರ್.”

ಆಮೇಲೆ ಎಲ್ಲವನ್ನೂ ಹೇಳಿದ. ಮನೆ, ಬಚ್ಚಲು, ಯಜಮಾನ, ಉಸಿರು ಕಟ್ಟುವುದು. ಅವನು ಹೇಳಿ ಮುಗಿಸುವ ಮೊದಲೇ ಯೋಗೇಶ್ “ಅಯ್ಯಯ್ಯೋ ನನ್ ಐಸ್‌ಕ್ರೀಂ!” ಎನ್ನುತ್ತ ಬೀದಿಗೆ ಓಡಿದ್ದ. ಹಿಂದೆ ಎತ್ತಪ್ಪ, ಅವನ ಹಿಂದೆ ನೇತ್ರಾವತಿ, ತೋಳಿಗೆ ಹತ್ತಿ ಒತ್ತಿಕೊಂಡಿದ್ದ ಇಬ್ಬರು ರೋಗಿಗಳು ಸುಮ್ಮನೆ ಕುತೂಹಲಕ್ಕೆ.

ಹಿಂಬಾಗಿಲು ತೆರೆಯಿತು. ಯೋಗೇಶ್ ಒಳಗೆ ಹತ್ತಿ ಒಂದೊಂದು ಮೂಲೆಯ ಡಬ್ಬವನ್ನೂ ಒತ್ತಿ ನೋಡಿದ, ಉಷ್ಣತೆ ಅಳೆಯುವ ಕಡ್ಡಿ ಚುಚ್ಚಿದ. ಕೆಳಗೆ ಎತ್ತಪ್ಪ, ಹೆರಿಗೆ ಕೋಣೆಯ ಹೊರಗೆ ನಿಂತವನಂತೆ ನಿಂತಿದ್ದ.

“ಗಟ್ಟಿಯಾಗೇ ಐತೆ” ಎಂದ ಯೋಗೇಶ್ ಕೊನೆಗೆ, ತನ್ನ ಮಾತನ್ನು ತಾನೇ ನಂಬದೆ. “ಗೆರೆ ಮುಟ್ಟೈತೆ, ದಾಟಿಲ್ಲ. ಒಂದೇ ಕಿಂಡಿ ದಿನವೆಲ್ಲ ತೆಗೆದಿದ್ರೆ ಆ ಮೂಲೆ ಪೂರಾ ಕರಗೋಗಿರದು. ನೀನು ಮೂಲೆ ಮೂಲೆಗೂ ತಿರುಗಿಸಿ ತಿರುಗಿಸಿ ಎಲ್ಲಾ ಕಡೆ ಒಂದೊಂದ್ ಚೂರು ಕರಗ್ಸಿ, ಮತ್ತೆ ಗಟ್ಟಿ ಮಾಡಿದೀಯ!”

ಅಂದರೆ ಐಸ್‌ಕ್ರೀಮನ್ನು ಉಳಿಸಿದ್ದು ಜಿಲ್ಲೆಯ ಡೊಂಕು ರಸ್ತೆಗಳು. ಆ ರಸ್ತೆಗಳನ್ನು ಯಾರಾದರೂ ಹೊಗಳಿದ್ದು ಅದೇ ಮೊದಲು.

ನೇತ್ರಾವತಿ ಮಾತ್ರ ಹೊಗಳುವ ಸ್ಥಿತಿಯಲ್ಲಿರಲಿಲ್ಲ. ಅವಳು ಗಂಡನ ಫೋನು ಕಿತ್ತುಕೊಂಡು ಪಂಚಾಕ್ಷರಪ್ಪನಿಗೆ ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದಳು.

“ಏನ್ ಪಂಚಾಕ್ಷರಪ್ಪಾರೆ, ಓಡೋ ಗಾಡಿಗೆ ಈಶಾನ್ಯ ಎಲ್ಲೈತೆ, ಹೇಳ್ರಿ ನೋಡಾಣ?”

ಆ ಕಡೆ ಪಂಚಾಕ್ಷರಪ್ಪ ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದ್ದು ಕೇಳಿಸಿತು.

“ಓಡೋ ಗಾಡಿಗೆ ಯಾವ ವಾಸ್ತುನಮ್ಮ? ವಾಸ್ತು ನಿಂತಿದ್ದಕ್ಕೆ ಮಾತ್ರ. ಓಡಾಡ್ತಿದ್ರೆ ದೋಷ ಹತ್ತಾಕಿಲ್ಲ.”

“ಹಂಗಂತ ಮೊದ್ಲೇ ಹೇಳಬಾರದೇನ್ರಿ?”

“ಅವನು ಮನೆ ಅಂದ. ಮನೆ ಓಡುತ್ತೆ ಅಂತ ನಾನೆಲ್ಲಿ ಕಂಡಿದ್ದೆ? ಅಲ್ಲಮ್ಮ, ಅವನು ಎಲ್ಲೂ ನಿಲ್ಸಿಲ್ಲ ತಾನೆ? ನಿಲ್ಸಿದ್ರೆ ನೋಡು, ನಿಲ್ಸಿದಷ್ಟೂ ದೋಷ.”

ಎತ್ತಪ್ಪ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟ. ಅಷ್ಟರಲ್ಲಿ ಯೋಗೇಶನ ಫೋನು ಹೊಡೆದುಕೊಂಡಿತು. ದುರ್ಗದಿಂದ ಕಂಪನಿಯ ಮಾಲೀಕ ಹಾಲಸ್ವಾಮಿ. ದನಿ ಎಷ್ಟು ಜೋರೆಂದರೆ ಸ್ಪೀಕರಿನ ಅಗತ್ಯವೇ ಇರಲಿಲ್ಲ.

“ಏನಯ್ಯ ಯೋಗೇಶ, ಗಾಡಿ ಎಲ್ಲೆಲ್ಲಿ ನಿಂತೈತೆ ಅಂತ ನನ್ ಮೊಬೈಲ್‌ನಾಗೆ ಕಾಣ್ತಾ ಐತೆ! ಬರೀ ಚುಕ್ಕಿ! ರಂಗೋಲಿ ಇಟ್ಟಂಗೈತೆ! ಪಕ್ಕದಾಗೆ ಕುಂತು ಏನ್ ಮಾಡ್ತಿದ್ದೆ ನೀನು?”

ಯೋಗೇಶನ ಮುಖ ಬಿಳುಚಿತು. ಶುಗರ್ ಎನ್ನೋಣವೆಂದರೆ ಲ್ಯಾಬಿನ ಚೀಟಿ ಕೈಯಲ್ಲೇ ಇದೆ. ಕಿಂಡಿ ತೆಗೆದಿತ್ತು ಎಂದರೆ, ಆಗ ಕ್ವಾಲಿಟಿ ಆಫೀಸರ್ ಎಲ್ಲಿದ್ದ ಎಂಬ ಪ್ರಶ್ನೆಗೆ, ಅಲ್ಲೇ, ಪಕ್ಕದ ಸೀಟಿನಲ್ಲೇ ಎಂಬುದೊಂದೇ ಉತ್ತರ. ಅವನು ಎತ್ತಪ್ಪನನ್ನು ನೋಡಿದ. ಎತ್ತಪ್ಪ ಅವನನ್ನು ನೋಡಿದ. ಒಂದು ದಿನದಲ್ಲಿ ಇಬ್ಬರ ಹೊಟ್ಟೆಪಾಡೂ ಒಂದೇ ಬಿರಡೆಯಲ್ಲಿ ಸಿಕ್ಕಿಕೊಂಡಿತ್ತು.

“ಬಿರಡೆ ಸಾರ್” ಎಂದ ಯೋಗೇಶ್. “ಈ ಡ್ರೈವರ್ ತಿರುವು ಬಂದಾಗೆಲ್ಲ ಗಾಡಿ ನಿಲ್ಸಿ, ಇಳಿದು, ಕಿಂಡಿ ಬಿರಡೆ ಕೈಯಾರೆ ಮುಟ್ಟಿ ನೋಡ್ತಾನೆ ಸಾರ್. ನಮ್ ಬ್ಯಾರೆ ಡ್ರೈವರುಗಳಿಗೆ ಬಿರಡೆ ಎಲ್ಲೈತೆ ಅಂತಾನೇ ಗೊತ್ತಿಲ್ಲ.”

ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಆ ಕಡೆ ಹಾಲಸ್ವಾಮಿ ಗಂಟಲು ಸರಿಮಾಡಿಕೊಂಡ. ಮತ್ತೆ ಬಂದ ದನಿಯಲ್ಲಿ ಭಕ್ತಿಯಿತ್ತು.

“ತಿರುವು ತಿರುವಿಗೂ? ಅವನಿಗೇ ಕೊಡಯ್ಯ ಆ ಲೈನು! ಅಲ್ಲ ಕಣಯ್ಯ, ಇಂಥಾ ಪದ್ಧತಿ ನಮ್ಮಲ್ಲಿ ಯಾಕಿಲ್ಲ? ನಾಳೆಯಿಂದ ಎಲ್ಲಾ ಗಾಡಿಗೂ ಇದೇ ಕಾನೂನು. ತಿರುವು ಬಂತಾ, ನಿಲ್ಸು, ಇಳಿ, ಮುಟ್ಟಿ ನೋಡು. ನಾನು ಮೊಬೈಲ್‌ನಾಗೆ ಚುಕ್ಕಿ ನೋಡ್ತಿರ್ತೀನಿ.”

ಹೀಗೆ ಎತ್ತಪ್ಪನಿಗೆ ಲೈನ್ ಸಿಕ್ಕಿತು. ನೇತ್ರಾವತಿ ಅಂದು ಹಿರಿಯೂರಿನಲ್ಲೇ ನಾಲ್ಕೂ ಬಿರಡೆಗಳನ್ನು ತನ್ನ ಕೈಯಾರೆ ಗುದ್ದಿ ಗುದ್ದಿ ಮುಚ್ಚಿದಳು. ಈಗ ಸಂಜೆ ಗಾಡಿ ಹಟ್ಟಿಗೆ ಬಂದಮೇಲೆ ಅವನ್ನು ತೆಗೆಯುವವಳೂ ಅವಳೇ, ತೊಳೆದು ಹಾಕುವವಳೂ ಅವಳೇ. ಅಂಜಲಿ ಪೈಪು ಹಿಡಿಯುತ್ತಾಳೆ. ಎತ್ತಪ್ಪನಿಗೆ ಮುಟ್ಟಿ ನೋಡುವ ಅಧಿಕಾರ ಮಾತ್ರ.

ಆದರೆ ಜಿಲ್ಲೆಯ ಜನಕ್ಕೆ ಕಣ್ಣಿವೆಯಲ್ಲ. ಈಗ ಹೊಳಲ್ಕೆರೆಯಿಂದ ಹಿರಿಯೂರಿನ ತನಕ ಯಾವ ತಿರುವಿನಲ್ಲಿ ನೋಡಿದರೂ ಆ ಕಂಪನಿಯ ಒಂದು ಗಾಡಿ ನಿಂತಿರುತ್ತದೆ, ಅದರ ಚಕ್ರದ ಪಕ್ಕ ಒಬ್ಬ ಡ್ರೈವರ್ ಕುಕ್ಕರುಗಾಲಲ್ಲಿ ಕೂತಿರುತ್ತಾನೆ. ಹೊಸದುರ್ಗದ ಸಂತೆಯಲ್ಲಿ ಐಸ್‌ಕ್ರೀಮಿಗೆ ಅಳುವ ಮಕ್ಕಳ ತಾಯಂದಿರಿಗೆ ದೊಡ್ಡಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, ಗುಟ್ಟಾಗಿ, ಅವರ ಒಳ್ಳೆಯದಕ್ಕೇ ಹೇಳುತ್ತಾಳೆ:

“ಆ ಕಂಪನೀದು ಮಾತ್ರ ಕೊಡಿಸಬ್ಯಾಡ್ರೆ ತಾಯಿ. ತಿನ್ನೋರ ಮಾತು ಹಂಗಿರ್ಲಿ, ಹೊತ್ಕಂಡು ಹೋಗೋರಿಗೇ ಶುಗರ್ ಬಂದೈತೆ. ಒಬ್ರೂ ಉಳಿದಿಲ್ಲ!”